ಬಲೆಯ ಬಣ್ಣ, ಬಲ್ಬಿನ ಬಣ್ಣ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಬೇಸಾಯದ ಮಾತು ಬಂದರೆ ಮೊದಲು ಏಳುವುದು ನೀರಿನ ಪ್ರಶ್ನೆ. ಅದು ಸಹಜವೇ. ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿ ಒಂದೂ ಇಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದಿವೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುವ ಕೆಲಸ 2018ರಿಂದ ನಡೆದಿದೆ. ಬಿಸಿಲಿನ ಬಗ್ಗೆ ಮಾತ್ರ ಯಾರೂ ಚಿಂತೆ ಮಾಡುವುದಿಲ್ಲ. ಅದು ಬೇಕಾದಷ್ಟಿದೆ, ಬೇಸಿಗೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಹೀಗೆ ಧಾರಾಳವಾಗಿ ಸಿಗುವ ಬೆಳಕಿನ ಬಣ್ಣದ ಬಗ್ಗೆ ಇಲ್ಲಿನ ರೈತ ಏಕೆ ತಲೆ ಕೆಡಿಸಿಕೊಳ್ಳಬೇಕು? ನನ್ನ ಉತ್ತರ ಇಷ್ಟು: ಗಿಡಕ್ಕೆ ಬೆಳಕು ಅನ್ನವೂ ಹೌದು, ಸುದ್ದಿಯೂ ಹೌದು. ನಮ್ಮ ಸೀಮೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲ. ಆದರೆ ನರ್ಸರಿಯ ಮೇಲೆ ಬಲೆ ಕಟ್ಟಿದಾಗ, ರಾತ್ರಿ ಹೂವಿನ ತೋಟದಲ್ಲಿ ಬಲ್ಬು ಉರಿಸಿದಾಗ, ಮಾವಿನ ಮರಗಳನ್ನು ಕೊಂಬೆಗೆ ಕೊಂಬೆ ತಾಗುವಂತೆ ಬೆಳೆಯಲು ಬಿಟ್ಟಾಗ, ಗಿಡಕ್ಕೆ ತಲುಪುವ ಸುದ್ದಿಯನ್ನು ನಾವೇ ಬದಲಿಸುತ್ತಿದ್ದೇವೆ. ಬಣ್ಣದ ಲೆಕ್ಕ ಹಿಡಿಯಬೇಕಾದದ್ದು ಅಲ್ಲಿ.

ಮೊದಲು ಅನ್ನದ ವಿಚಾರ. 1882ರಲ್ಲಿ ಜರ್ಮನಿಯ ಎಂಗೆಲ್‌ಮನ್ ಎಂಬ ವಿಜ್ಞಾನಿ ಪಾಚಿಯ ಒಂದು ಎಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರ ಉದ್ದಕ್ಕೂ ಕಾಮನಬಿಲ್ಲಿನ ಬಣ್ಣಗಳು ಹರಡುವಂತೆ ಮಾಡಿದ. ಆಮ್ಲಜನಕ ಇರುವ ಕಡೆಗೆ ಧಾವಿಸುವ ಬ್ಯಾಕ್ಟೀರಿಯಾಗಳನ್ನು ಅದೇ ನೀರಿನಲ್ಲಿ ಬಿಟ್ಟಿದ್ದ. ಅವು ಕೆಂಪು ಮತ್ತು ನೀಲಿ ಬಿದ್ದ ಜಾಗಗಳಲ್ಲಿ ಗುಂಪುಗೂಡಿದವು. ಆ ಎರಡು ಬಣ್ಣಗಳಲ್ಲಿ ಪಾಚಿ ಹೆಚ್ಚು ಆಹಾರ ತಯಾರಿಸುತ್ತಿದೆ, ಹೆಚ್ಚು ಆಮ್ಲಜನಕ ಬಿಡುತ್ತಿದೆ ಎಂದು ಇದರಿಂದ ತಿಳಿಯಿತು. ಅಂದಿನಿಂದ ಇಂದಿನವರೆಗೂ ಶಾಲೆಯ ಪಾಠದಲ್ಲಿ ಉಳಿದಿರುವುದು ಇಷ್ಟೇ: ಗಿಡಕ್ಕೆ ಕೆಂಪು ಬೇಕು, ನೀಲಿ ಬೇಕು, ಹಸಿರು ಬೇಡ. ಇದು ಅರ್ಧ ಸತ್ಯ. 1972ರಲ್ಲಿ ಮೆಕ್ರೀ ಎಂಬ ಸಂಶೋಧಕ 22 ಬಗೆಯ ಬೆಳೆಗಳ ಎಲೆಗಳ ಮೇಲೆ ಒಂದೊಂದೇ ಬಣ್ಣ ಬಿಟ್ಟು ಅಳೆದು ನೋಡಿದಾಗ, ಹಸಿರು ಬೆಳಕೂ ಗಣನೀಯವಾಗಿ ಕೆಲಸಕ್ಕೆ ಬರುತ್ತದೆ ಎಂಬುದು ಸ್ಪಷ್ಟವಾಯಿತು. ಎಲೆ ಹಸಿರಾಗಿ ಕಾಣುತ್ತದೆ ಎಂದರೆ ಹಸಿರನ್ನೆಲ್ಲ ಹೊರಗೆ ತಳ್ಳುತ್ತದೆ ಎಂದಲ್ಲ. ಬಿದ್ದ ಹಸಿರಿನ ಬಹುಪಾಲನ್ನು ಅದು ಹೀರುತ್ತದೆ. ಮೇಲಿನ ಪದರ ಕೆಂಪು, ನೀಲಿಗಳನ್ನು ತಡೆದು ಹಿಡಿದಾಗ ಎಲೆಯ ಒಳಭಾಗಕ್ಕೆ ಇಳಿಯುವುದು ಹೆಚ್ಚಾಗಿ ಹಸಿರೇ. ಅನ್ನದ ಮಟ್ಟಿಗೆ ನೋಡಿದರೆ ಬೆಳಕಿನ ಬಣ್ಣಕ್ಕಿಂತ ಅದರ ಮೊತ್ತವೇ ಮುಖ್ಯ.

ಸುದ್ದಿಯ ವಿಚಾರ ಹಾಗಲ್ಲ. ಅವರೆಕಾಯಿಯನ್ನೇ ತೆಗೆದುಕೊಳ್ಳಿ. ನಾಡ ಅವರೆಯನ್ನು ಮುಂಗಾರಿನ ಆರಂಭದಲ್ಲಿ ಬಿತ್ತಿದರೂ ಅದು ಬಳ್ಳಿಯಾಗಿ ಹಬ್ಬುತ್ತ ಹೋಗಿ, ರಾತ್ರಿಗಳು ಉದ್ದವಾಗುವವರೆಗೆ ಕಾದು, ಆಮೇಲಷ್ಟೇ ಹೂ ಬಿಡುತ್ತದೆ. ಸೊಗಡಿನ ಅವರೆ ಚಳಿಗಾಲಕ್ಕೇ ಬರಲು ಇದೇ ಕಾರಣ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆ ತಳಿಗಳನ್ನು ಕೊಟ್ಟು ವರ್ಷದ ಬೇರೆ ತಿಂಗಳಲ್ಲೂ ಅವರೆ ಸಿಗುವಂತೆ ಮಾಡಿದ್ದು, ರಾತ್ರಿಯ ಉದ್ದಕ್ಕೆ ಕಾಯದ ಗಿಡಗಳನ್ನು ಆರಿಸಿ ಬೆಳೆಸಿದ್ದರಿಂದ. ರಾತ್ರಿ ಎಷ್ಟು ಉದ್ದ ಎಂದು ಅವರೆ ತಿಳಿಯುವುದು ಹೇಗೆ? ಅಮೆರಿಕದ ಬೆಲ್ಟ್ಸ್‌ವಿಲ್ ಎಂಬಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಾರ್ಥ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು 1952ರಲ್ಲಿ ಮಾಡಿದ ಪ್ರಯೋಗ ಇದಕ್ಕೆ ದಾರಿ ತೋರಿಸಿತು. ನೆನೆಸಿದ ಲೆಟ್ಯೂಸ್ ಬೀಜಗಳಿಗೆ ಸ್ವಲ್ಪ ಹೊತ್ತು ಕೆಂಪು ಬೆಳಕು ತೋರಿಸಿದರೆ ಅವು ಮೊಳೆತವು. ಕೆಂಪಿನ ಅಂಚಿನಾಚೆ, ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಇನ್ನೊಂದು ಬೆಳಕಿದೆ. ಅದನ್ನು ದೂರಗೆಂಪು ಎನ್ನೋಣ. ಕೆಂಪಿನ ಬೆನ್ನಿಗೇ ದೂರಗೆಂಪು ತೋರಿಸಿದರೆ ಬೀಜ ಮೊಳೆಯಲಿಲ್ಲ. ಮತ್ತೆ ಕೆಂಪು ತೋರಿಸಿದರೆ ಮೊಳೆಯಿತು. ಎಷ್ಟು ಸಲ ಬದಲಿಸಿದರೂ ಕೊನೆಗೆ ಬಿದ್ದ ಬೆಳಕು ಯಾವುದೋ ಅದರ ಮಾತೇ ನಡೆಯಿತು. ಗಿಡದೊಳಗೆ ಈ ಎರಡು ಬಣ್ಣಗಳಿಗೆ ತಕ್ಕಂತೆ ಎರಡು ರೂಪಗಳ ನಡುವೆ ಹೊರಳುವ ಒಂದು ವರ್ಣದ್ರವ್ಯ ಇದೆ ಎಂಬ ಊಹೆ 1959ರಲ್ಲಿ ನಿಜವಾಯಿತು. ಅದಕ್ಕೆ ಫೈಟೋಕ್ರೋಮ್ ಎಂದು ಹೆಸರು. ಅವರೆ ರಾತ್ರಿಯನ್ನು ಗುರುತಿಸುವುದೂ ಇದರ ಮೂಲಕವೇ. ನೀಲಿಯನ್ನು ಗುರುತಿಸುವ ಬೇರೆ ದ್ರವ್ಯಗಳು 1990ರ ದಶಕದಲ್ಲಿ ಪತ್ತೆಯಾದವು.

ಕೆಂಪು, ದೂರಗೆಂಪುಗಳನ್ನು ಹೀಗೆ ಗುರುತಿಸುವುದರಿಂದ ಗಿಡಕ್ಕೇನು ಲಾಭ? ಎಲೆ ಕೆಂಪನ್ನು ಹೀರಿಕೊಳ್ಳುತ್ತದೆ, ದೂರಗೆಂಪನ್ನು ಬಹುಪಾಲು ಹಾಗೆಯೇ ಬಿಟ್ಟುಬಿಡುತ್ತದೆ. ಬಯಲಿನ ಬಿಸಿಲಿನಲ್ಲಿ ದೂರಗೆಂಪಿಗಿಂತ ಕೆಂಪು ಸ್ವಲ್ಪ ಹೆಚ್ಚೇ ಇರುತ್ತದೆ. ದಟ್ಟ ಎಲೆಗಳ ಕೆಳಗೆ ಕೆಂಪು ಅದರ ಐದನೆಯ, ಹತ್ತನೆಯ ಪಾಲಿಗೆ ಇಳಿಯುತ್ತದೆ. ಕೆಂಪು ಕಡಿಮೆಯಾಗಿ ದೂರಗೆಂಪು ಮೇಲುಗೈ ಆದರೆ ಎಳೆ ಗಿಡಕ್ಕೆ ಅದು ಒಂದೇ ಅರ್ಥ ಕೊಡುತ್ತದೆ: ಪಕ್ಕದಲ್ಲಿ, ಮೇಲೆ ಬೇರೆ ಗಿಡಗಳಿವೆ, ಬೇಗ ಎತ್ತರಕ್ಕೆ ಹೋಗು. ಅರ್ಜೆಂಟೀನಾದ ಬಲ್ಯಾರೆ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಸಂಶೋಧನೆ ಇನ್ನೂ ಸೂಕ್ಷ್ಮವಾದುದನ್ನು ತೋರಿಸಿತು. ಪಕ್ಕದ ಗಿಡದ ನೆರಳು ಬೀಳುವ ಮೊದಲೇ, ಅದರ ಎಲೆಯಿಂದ ಅಡ್ಡಡ್ಡ ಪ್ರತಿಫಲಿಸಿ ಬರುವ ದೂರಗೆಂಪನ್ನು ಗ್ರಹಿಸಿ ಗಿಡದ ಕಾಂಡ ಉದ್ದವಾಗತೊಡಗುತ್ತದೆ. ಹೊಟ್ಟೆಗೆ ಕೊರತೆಯಾಗುವ ಮುನ್ನವೇ ಸುದ್ದಿ ತಲುಪಿರುತ್ತದೆ.

ಈಗ ನಮ್ಮ ನರ್ಸರಿಗಳಿಗೆ ಬನ್ನಿ. ಕೋಲಾರದ ಎಪಿಎಂಸಿಗೆ, ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯ ಮಾರುಕಟ್ಟೆಗೆ ಬಂದು ಬೀಳುವ ಟೊಮೆಟೊ ರಾಶಿಯ ಮೂಲ ಪ್ರೋಟ್ರೇಯ ಪುಟ್ಟ ಕುಳಿಗಳಲ್ಲಿದೆ. ಕೋಕೋಪಿಟ್ ತುಂಬಿದ ಆ ಕುಳಿಗಳಲ್ಲಿ ಬೀಜ ಊರಿ, ಶೇಡ್‌ನೆಟ್ ಕೆಳಗೆ ಮೂರು ನಾಲ್ಕು ವಾರ ಬೆಳೆಸಿ, ನಾಟಿಗೆ ಕೊಡುತ್ತಾರೆ. ಆ ನೆಟ್ಟಿನ ಬಣ್ಣ ಸಾಮಾನ್ಯವಾಗಿ ಹಸಿರು. ಹಸಿರು ಪ್ಲಾಸ್ಟಿಕ್ ನೂಲು ಹಸಿರನ್ನು ಮತ್ತು ದೂರಗೆಂಪನ್ನು ಒಳಗೆ ಬಿಡುತ್ತದೆ. ಕೆಂಪು, ನೀಲಿಗಳನ್ನು ಹೆಚ್ಚಾಗಿ ತಡೆಯುತ್ತದೆ. ಅಂದರೆ ಮರದ ಎಲೆಗಳು ಕೆಳಗಿನ ಸಸಿಗೆ ಯಾವ ಸುದ್ದಿ ಕೊಡುತ್ತವೆಯೋ ಅದೇ ದಿಕ್ಕಿನ ಸುದ್ದಿಯನ್ನು ಈ ಬಲೆಯೂ ಕೊಡುತ್ತದೆ. ಟ್ರೇಯಲ್ಲಿ ಒತ್ತೊತ್ತಾಗಿ ನಿಂತ ಸಸಿಗಳು ಒಂದಕ್ಕೊಂದು ಅದನ್ನೇ ಹೇಳುತ್ತಿರುತ್ತವೆ. ಎರಡೂ ಸೇರಿದಾಗ ಸಸಿ ಎತ್ತರಕ್ಕೆ ಎಳೆದುಕೊಂಡು, ಕಾಂಡ ತೆಳ್ಳಗಾಗಿ, ನಾಟಿಯಾದ ದಿನ ಬಿಸಿಲಿಗೆ, ಗಾಳಿಗೆ ತಲೆಬಾಗುತ್ತದೆ. ಸಸಿ ಉದ್ದವಾಗಿದ್ದರೆ ಚೆನ್ನಾಗಿ ಬೆಳೆದಿದೆ ಎಂದುಕೊಳ್ಳುವುದು ತಪ್ಪು. ಕುಳ್ಳಗೆ, ದಪ್ಪ ಕಾಂಡದ, ಕಡು ಹಸಿರಿನ ಸಸಿಯೇ ಬೇರೂರುವುದು ಬೇಗ.

ಇದಕ್ಕೆ ನ್ಯಾಯವಾದ ಆಕ್ಷೇಪಗಳಿವೆ. ಶೇಕಡ 50ರ ನೆಟ್ಟಿನಲ್ಲಿ ಅರ್ಧ ಭಾಗ ತೂತೇ ಅಲ್ಲವೆ, ಅದರೊಳಗಿಂದ ಬಿಳಿ ಬಿಸಿಲು ನೇರವಾಗಿ ಬರುತ್ತದಲ್ಲ ಎಂದು ಕೇಳಬಹುದು. ಹೌದು, ಬರುತ್ತದೆ. ಆದ್ದರಿಂದಲೇ ಹಸಿರು ಬಲೆಯ ಕೆಳಗಿನ ಬೆಳಕು ದಟ್ಟ ಮರದ ಕೆಳಗಿನ ಬೆಳಕಿನಷ್ಟು ಕೆಡುವುದಿಲ್ಲ. ಪರಿಣಾಮ ಮೃದು, ಆದರೆ ಅದರ ದಿಕ್ಕು ನಮಗೆ ಬೇಡದ ದಿಕ್ಕು. ಬಲೆ ಕಟ್ಟುವುದು ಬಿಸಿಲ ಝಳ ತಡೆಯಲು, ನೀರು ಆರದಂತೆ ಕಾಯಲು, ಬಣ್ಣ ಯಾವುದಾದರೇನು ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ ಸುಲಭ. ಝಳ ತಡೆಯುವ ಕೆಲಸವನ್ನು ಬಿಳಿ ಬಲೆ ಅಥವಾ ಕಪ್ಪು ಬಲೆಯೂ ಮಾಡುತ್ತದೆ. ಕಪ್ಪು ನೂಲು ಎಲ್ಲ ಬಣ್ಣಗಳನ್ನೂ ಸಮನಾಗಿ ತಡೆಯುವುದರಿಂದ ಬೆಳಕು ಕಡಿಮೆಯಾಗುತ್ತದೆಯೇ ಹೊರತು ಸುದ್ದಿ ಬದಲಾಗುವುದಿಲ್ಲ. ಬಿಳಿ ಬಲೆ ಬೆಳಕನ್ನು ಚದುರಿಸಿ ಕೆಳಗಿನ ಎಲೆಗಳಿಗೂ ತಲುಪಿಸುತ್ತದೆ. ಇಸ್ರೇಲಿನ ಸಂಶೋಧಕರು ಬಣ್ಣದ ಬಲೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅಲಂಕಾರದ ಸೊಪ್ಪಿಗೆಂದು ಬೆಳೆಸುವ ಪಿಟ್ಟೋಸ್ಪೋರಮ್ ಗಿಡದ ಮೇಲೆ ಅವರು ಮಾಡಿದ ಪ್ರಯೋಗದ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಕೆಂಪು ಬಲೆಯ ಕೆಳಗೆ ಗಿಡ ಹುಲುಸಾಗಿ ಬೆಳೆಯಿತು, ನೀಲಿಯ ಕೆಳಗೆ ಕುಳ್ಳಾಯಿತು, ಬೂದು ಬಲೆಯ ಕೆಳಗೆ ಹೆಚ್ಚು ಕವಲೊಡೆಯಿತು. ಬಲೆಯ ಬಣ್ಣ ಗಿಡದ ಆಕಾರವನ್ನೇ ಬದಲಿಸಿತು. ಹಸಿರು ಬಲೆ ಹರಿಯುವವರೆಗೂ ಕಾದು, ಹೊಸದು ಕೊಳ್ಳುವಾಗ ಬಣ್ಣ ಬದಲಿಸಿದರೆ ಸಾಕು. ಹೊಸದಕ್ಕೆ ಹೇಗೂ ಹಣ ಹಾಕಲೇಬೇಕು. ಅಲ್ಲಿಯವರೆಗೆ ನಾಟಿಗೆ ಮುಂಚಿನ ವಾರದಲ್ಲಿ ಬಲೆಯನ್ನು ದಿನವೂ ಸ್ವಲ್ಪ ಹೆಚ್ಚು ಹೊತ್ತು ಸರಿಸಿ ಸಸಿಯನ್ನು ಬಿಸಿಲಿಗೆ ಒಗ್ಗಿಸುವುದು ಒಳ್ಳೆಯದು.

ಸೇವಂತಿಗೆಯ ವಿಷಯ ಇದಕ್ಕಿಂತ ಸ್ವಾರಸ್ಯದ್ದು. ಮಾಲೂರು, ಕೋಲಾರದ ಕಡೆ, ನೆರೆಯ ಚಿಕ್ಕಬಳ್ಳಾಪುರದಲ್ಲಿ ಕತ್ತಲಾದ ಮೇಲೆ ಸೇವಂತಿಗೆ ತೋಟಗಳಲ್ಲಿ ಸಾಲುಸಾಲು ಬಲ್ಬು ಉರಿಯುವುದನ್ನು ನೀವು ಕಂಡಿರಬಹುದು. ಸೇವಂತಿಗೆಯೂ ಅವರೆಯ ಹಾಗೆ ಉದ್ದ ರಾತ್ರಿಗೆ ಹೂ ಬಿಡುವ ಗಿಡ. ಹಲವು ತಳಿಗಳಲ್ಲಿ ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಡಿಮೆಯಾದರೆ ಮೊಗ್ಗು ಬೆಳೆಯುತ್ತದೆ. ಕೋಲಾರ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಇಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ. ಹಾಗಾಗಿ ನಮ್ಮ ಸೀಮೆಯಲ್ಲಿ ಈ ಗಿಡಕ್ಕೆ ವರ್ಷದ ಎಲ್ಲ ರಾತ್ರಿಯೂ ಹೂ ಬಿಡು ಎಂದೇ ಹೇಳುತ್ತದೆ. ನೆಟ್ಟ ಗಿಡ ಗೇಣುದ್ದ ಆಗುವ ಮೊದಲೇ ಮೊಗ್ಗು ಹಿಡಿದರೆ ಕವಲೂ ಇಲ್ಲ, ಇಳುವರಿಯೂ ಇಲ್ಲ. ಅದಕ್ಕಾಗಿ ನಾಟಿಯಾದ ಮೊದಲ ಕೆಲವು ವಾರ ನಡುರಾತ್ರಿ ಬೆಳಕು ಕೊಟ್ಟು ರಾತ್ರಿಯನ್ನು ಎರಡಾಗಿ ತುಂಡರಿಸುತ್ತಾರೆ. ಗಿಡ ಮೈತುಂಬಿ ಕವಲೊಡೆದ ಮೇಲೆ ಬೆಳಕು ನಿಲ್ಲಿಸಿದರೆ, ತಳಿಗೆ ತಕ್ಕಂತೆ ಏಳರಿಂದ ಹತ್ತು ವಾರಗಳಲ್ಲಿ ಹೂ ಕೊಯ್ಲಿಗೆ ಬರುತ್ತದೆ. ವರಮಹಾಲಕ್ಷ್ಮಿ, ಗೌರಿ-ಗಣೇಶ, ಆಯುಧಪೂಜೆಯ ಮಾರುಕಟ್ಟೆಗೆ ಹೂ ಸಿದ್ಧ ಮಾಡುವ ಲೆಕ್ಕ ಹೀಗೆ ಸಾಧ್ಯವಾಗಿದೆ. ಇದರ ಹಿಂದೆ 1938ರಲ್ಲಿ ಹ್ಯಾಮ್ನರ್ ಮತ್ತು ಬಾನ್ನರ್ ಮಾಡಿದ ಪ್ರಯೋಗದ ತಿಳಿವಳಿಕೆ ಇದೆ: ಇಂಥ ಗಿಡ ಅಳೆಯುವುದು ಹಗಲನ್ನಲ್ಲ, ಅಖಂಡ ಕತ್ತಲನ್ನು.

ಆ ಬಲ್ಬುಗಳು ಕೊಡುವ ಬೆಳಕು ಎಷ್ಟು ಅಲ್ಪ ಎಂಬುದನ್ನು ಗಮನಿಸಿ. ಗಿಡದ ಮಟ್ಟದಲ್ಲಿ ನೂರು ಲಕ್ಸ್ ಇದ್ದರೆ ಕೆಲಸ ನಡೆಯುತ್ತದೆ. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಸಾವಿರದಲ್ಲಿ ಒಂದು ಪಾಲಿನ ಬೆಳಕಿನಿಂದ ಗಿಡಕ್ಕೆ ಊಟವಾಗುವುದಿಲ್ಲ. ಆದರೂ ಅದರ ಹೂ ಬಿಡುವ ನಿರ್ಧಾರವೇ ಮುಂದಕ್ಕೆ ಹೋಗುತ್ತದೆ. ಬೆಳಕು ಸುದ್ದಿಯಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಸುದ್ದಿ ಎಂದ ಮೇಲೆ ಬಣ್ಣ ನಿರ್ಣಾಯಕ. ಈ ಕೆಲಸದಲ್ಲಿ ಎಲ್ಲಕ್ಕಿಂತ ಪರಿಣಾಮಕಾರಿ ಕೆಂಪು. ಇಷ್ಟೇ ಮಂದವಾದ ನೀಲಿ ಬೆಳಕಿನಿಂದ ಪ್ರಯೋಜನ ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ತಂತಿ ಬಲ್ಬಿನಲ್ಲಿ ಕೆಂಪು ಧಾರಾಳವಾಗಿತ್ತು, ಜೊತೆಗೆ ಕರೆಂಟನ್ನೂ ತಿನ್ನುತ್ತಿತ್ತು. 2015ರಲ್ಲಿ ಉಜಾಲಾ ಯೋಜನೆ ಬಂದ ಮೇಲೆ ಎಲ್‌ಇಡಿ ಬಲ್ಬು ಅಗ್ಗವಾಗಿ ಹಳ್ಳಿ ಹಳ್ಳಿ ತಲುಪಿತು. ಆದರೆ ಹಾಲಿನಂತೆ ಬೆಳ್ಳಗೆ ಉರಿಯುವ ಎಲ್‌ಇಡಿಯಲ್ಲಿ ನೀಲಿ ಹೆಚ್ಚು, ಕೆಂಪು ಕಡಿಮೆ. ಅದು ನಮ್ಮ ಕಣ್ಣಿಗೆ ಪ್ರಖರವಾಗಿ ಕಂಡರೂ ಗಿಡಕ್ಕೆ ಹಾಗಲ್ಲ. ಲಕ್ಸ್, ಲೂಮೆನ್ ಎಂಬ ಅಳತೆಗಳು ಮನುಷ್ಯನ ಕಣ್ಣಿನ ಅಳತೆಗಳು. ನಮ್ಮ ಕಣ್ಣಿಗೆ ಹಸಿರು-ಹಳದಿ ಎದ್ದು ಕಾಣುತ್ತದೆ, ಗಿಡ ಓದುವುದು ಕೆಂಪನ್ನು. ಆದ್ದರಿಂದ ಬಲ್ಬಿನ ಡಬ್ಬಿಯ ಮೇಲಿನ ಲೂಮೆನ್ ಸಂಖ್ಯೆ ನೋಡಿ ತೋಟಕ್ಕೆ ಬಲ್ಬು ಆರಿಸಬಾರದು. ಬೆಳ್ಳನೆಯ ಬಲ್ಬಿನ ಬದಲು ಹಳದಿ ಛಾಯೆಯ ಬಲ್ಬು, ಸಿಕ್ಕರೆ 660 ನ್ಯಾನೋಮೀಟರಿನ ಕೆಂಪು ಎಲ್‌ಇಡಿ, ಅಷ್ಟೇ ಕರೆಂಟಿಗೆ ಹೆಚ್ಚು ಕೆಲಸ ಮಾಡುತ್ತದೆ. ಬಿಳಿ ಬಲ್ಬಿನಿಂದಲೂ ಕೆಲಸ ನಡೆಯುತ್ತಿದೆಯಲ್ಲ ಎನ್ನುವವರ ಮಾತು ಸುಳ್ಳಲ್ಲ. ಅದರಲ್ಲಿರುವ ಅಲ್ಪ ಕೆಂಪೇ ಆ ಕೆಲಸ ಮಾಡುತ್ತಿದೆ, ಉಳಿದದ್ದಕ್ಕೆ ದುಡ್ಡು ಸುಮ್ಮನೆ ಹೋಗುತ್ತಿದೆ. ರಾತ್ರಿ ದೀಪ ಪತಂಗಗಳನ್ನು ಕರೆಯುತ್ತದೆ, ಕೀಟಬಾಧೆ ಹೆಚ್ಚುತ್ತದೆ ಎಂಬ ಆತಂಕವೂ ನ್ಯಾಯವಾದದ್ದು. ಅಲ್ಲಿಯೂ ಕೆಂಪಿನದೇ ಮೇಲುಗೈ: ರಾತ್ರಿ ಹಾರುವ ಕೀಟಗಳು ನೀಲಿ ಮತ್ತು ಅತಿನೇರಳೆಗೆ ಬೀಳುವಷ್ಟು ಕೆಂಪಿಗೆ ಬೀಳುವುದಿಲ್ಲ. ಇನ್ನು ನಾಲ್ಕು ಗಂಟೆ ಸತತ ಉರಿಸುವ ಬದಲು ಟೈಮರ್ ಇಟ್ಟು ಅರ್ಧ ಗಂಟೆಗೊಮ್ಮೆ ಕೆಲವು ನಿಮಿಷ ಮಾತ್ರ ಉರಿಸಿದರೂ ಸೇವಂತಿಗೆ ಅದನ್ನು ಬೆಳಕೆಂದೇ ಎಣಿಸುತ್ತದೆ ಎಂಬುದು ಬೇರೆ ದೇಶಗಳ ಹೂ ಬೆಳೆಗಾರರಿಗೆ ಹಳೆಯ ವಿದ್ಯೆ.

ಇಷ್ಟು ಕೇಳಿದ ಮೇಲೆ, ಹಾಗಾದರೆ ನೇರಳೆ ಬಣ್ಣದ ಗ್ರೋ ಲೈಟುಗಳನ್ನು ತಂದು ಟೊಮೆಟೊ, ದೊಣ್ಣೆಮೆಣಸಿನಕಾಯಿಗೆ ಹಾಕಿದರೆ ಇಳುವರಿ ಏರುತ್ತದೆಯೇ ಎಂಬ ಆಸೆ ಹುಟ್ಟುವುದು ಸಹಜ. ಲೆಕ್ಕ ಮಾಡಿ ನೋಡೋಣ. ನಮ್ಮ ಬಯಲಿನಲ್ಲಿ ಸೂರ್ಯ ಒಂದು ದಿನಕ್ಕೆ ಕೊಡುವ ಬೆಳಕಿನಲ್ಲಿ ಅರ್ಧದಷ್ಟನ್ನು ದೀಪದಿಂದ ಕೊಡಬೇಕೆಂದರೆ, ಇಂದು ಸಿಗುವ ಉತ್ತಮ ಎಲ್‌ಇಡಿಗೂ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 1.8 ಯೂನಿಟ್ ವಿದ್ಯುತ್ ಬೇಕು. ಒಂದು ಎಕರೆಗೆ ಅದು ಏಳು ಸಾವಿರ ಯೂನಿಟ್ ದಾಟುತ್ತದೆ, ಪ್ರತಿ ದಿನ. ಸೂರ್ಯ ಕಾಣದ ಚಳಿನಾಡುಗಳಲ್ಲಿ, ಕಟ್ಟಡದೊಳಗೆ ಸೊಪ್ಪು ಬೆಳೆಯುವಲ್ಲಿ, ಅಂಗಾಂಶ ಕೃಷಿಯ ಪ್ರಯೋಗಾಲಯಗಳಲ್ಲಿ ಆ ದೀಪಗಳಿಗೆ ಅರ್ಥವಿದೆ. ಕೋಲಾರದ ಬಯಲಿನಲ್ಲಿ ಇಲ್ಲ. ಇಲ್ಲಿ ಅನ್ನವನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗಿಲ್ಲ.

ಬಣ್ಣದಿಂದ ಎಲ್ಲವೂ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಶ್ರೀನಿವಾಸಪುರದ ಮಾವಿನ ಮರ ಹೂ ಬಿಡುವುದು ರಾತ್ರಿಯ ಉದ್ದ ನೋಡಿ ಅಲ್ಲ. ಚಳಿ ಮತ್ತು ಚಿಗುರಿನ ವಯಸ್ಸು ಅದನ್ನು ನಡೆಸುತ್ತವೆ. ಮಾವಿನ ತೋಪಿನಲ್ಲಿ ಬಲ್ಬು ಕಟ್ಟಿದರೆ ನಷ್ಟವೇ ಸರಿ. ಆದರೆ ಮರಗಳು ಒತ್ತಾಗಿ ಬೆಳೆದು ಒಂದರೊಳಗೊಂದು ಸೇರಿದ ಹಳೆಯ ತೋಪುಗಳಲ್ಲಿ ಒಳಗೊಂಬೆಗಳಿಗೆ ತಲುಪುವುದು ಕೆಂಪು, ನೀಲಿ ಸೋಸಿಹೋದ ಬೆಳಕು. ಆ ಕೊಂಬೆಗಳು ಬೆಳಕು ಹುಡುಕುತ್ತ ಬರಿದಾಗುತ್ತವೆ, ಕಾಯಿ ತುದಿಗಳಿಗೆ ಸರಿಯುತ್ತದೆ. ಸೇಂದೂರದಂಥ ತಳಿಯ ಹಣ್ಣಿನ ಹೆಗಲ ಮೇಲಿನ ಕೆಂಪು ಮೂಡಲು ಸಿಪ್ಪೆಯ ಮೇಲೆ ಬೆಳಕು, ಅದರಲ್ಲೂ ನೀಲಿ ಮತ್ತು ಅತಿನೇರಳೆ ಬೀಳಬೇಕು. ಕೊಯ್ಲಾದ ಮೇಲೆ ನಡುಗೊಂಬೆ ಸವರಿ ಮರದ ಒಡಲಿಗೆ ಬೆಳಕು ಬಿಡಬೇಕೆಂಬ ಸಲಹೆಯ ಹಿಂದೆ ಈ ಬಣ್ಣದ ಲೆಕ್ಕವೂ ಇದೆ. ಟೊಮೆಟೊ ವಿಚಾರದಲ್ಲಿ ಇನ್ನೊಂದು ತಿರುವು. ಅಮೆರಿಕದ ಕಾಸ್ಪರ್‌ಬಾವರ್ ಮತ್ತು ಸಂಗಡಿಗರು ಕೆಂಪು ಪ್ಲಾಸ್ಟಿಕ್ ಹೊದಿಕೆಯ ಮೇಲೆ ಟೊಮೆಟೊ ಬೆಳೆದಾಗ, ಹೊದಿಕೆಯಿಂದ ಮೇಲಕ್ಕೆ ಪ್ರತಿಫಲಿಸಿದ ದೂರಗೆಂಪಿನಿಂದಾಗಿ ಇಳುವರಿ ಹೆಚ್ಚಿತು. ನಾವೂ ಕೆಂಪು ಮಲ್ಚಿಂಗ್ ಹಾಕೋಣವೇ? ಬೇಡ ಎನ್ನುತ್ತೇನೆ. ನಮ್ಮ ಟೊಮೆಟೊಗೆ ದೊಡ್ಡ ಶತ್ರು ಬಿಳಿನೊಣ ಹರಡುವ ಎಲೆ ಮುರುಟು ರೋಗ. ಬೆಳ್ಳಿ ಬಣ್ಣದ ಹೊದಿಕೆ ಅತಿನೇರಳೆ ಸಹಿತ ಬೆಳಕನ್ನು ಮೇಲಕ್ಕೆ ಹಿಂತಿರುಗಿಸಿ ಬಿಳಿನೊಣದ ದಿಕ್ಕು ತಪ್ಪಿಸುತ್ತದೆ. ಗಿಡ ಓದುವ ಬಣ್ಣ ಒಂದಾದರೆ ಅದರ ಕೀಟ ಓದುವ ಬಣ್ಣ ಇನ್ನೊಂದು, ನಮ್ಮ ಹೊಲದಲ್ಲಿ ಸದ್ಯಕ್ಕೆ ಎರಡನೆಯದೇ ಹೆಚ್ಚು ತೂಕದ್ದು.

ಬಣ್ಣದ ಬಗ್ಗೆ ಉತ್ಸಾಹ ಮಿತಿಮೀರಿದ ಒಂದು ಕಾಲವೂ ಇತ್ತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪ್ಲೆಸಂಟನ್ ಎಂಬ ಸೇನಾಧಿಕಾರಿ 1861ರಲ್ಲಿ ಅಲ್ಲಲ್ಲಿ ನೀಲಿ ಗಾಜು ಕೂರಿಸಿದ ದ್ರಾಕ್ಷಿಮನೆ ಕಟ್ಟಿಸಿದ. ಬಳ್ಳಿ ಅದ್ಭುತವಾಗಿ ಬೆಳೆಯಿತೆಂದು ನಂಬಿ, 1876ರಲ್ಲಿ ನೀಲಿ ಕಾಗದದ ಮೇಲೆ ನೀಲಿ ಶಾಯಿಯಲ್ಲಿ ಪುಸ್ತಕವನ್ನೇ ಅಚ್ಚು ಹಾಕಿಸಿದ. ನೀಲಿ ಗಾಜಿಗೆ ಜನ ಮುಗಿಬಿದ್ದರು. ಮರುವರ್ಷವೇ ವಿಜ್ಞಾನ ಪತ್ರಿಕೆಗಳು ಆ ವಾದವನ್ನು ಕೆಡವಿದವು: ನೀಲಿ ಗಾಜು ಹೊಸ ಬೆಳಕನ್ನೇನೂ ಸೇರಿಸುವುದಿಲ್ಲ, ಉಳಿದ ಬಣ್ಣಗಳನ್ನು ತಡೆದು ಒಟ್ಟು ಬೆಳಕನ್ನು ಕಡಿಮೆ ಮಾಡುತ್ತದೆ, ಅಷ್ಟೇ. ಬಣ್ಣ ಬದಲಿಸಿದಾಗ ಮೊತ್ತವೂ ಬದಲಾಗುತ್ತದೆ ಎಂಬುದನ್ನು ಆತ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆದ್ದರಿಂದ ನನ್ನ ಮಾತನ್ನೂ ಪರೀಕ್ಷಿಸಿಯೇ ಒಪ್ಪಿಕೊಳ್ಳಿ. ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ. ಅವರ ನೆರವು ಪಡೆದು ಯಾವ ನರ್ಸರಿಯಾದರೂ ಒಂದು ಹಂಗಾಮಿನಲ್ಲಿ ಈ ಪ್ರಯೋಗ ಮಾಡಬಹುದು. ಹಸಿರು, ಬಿಳಿ, ಕಪ್ಪು ಮೂರು ಬಲೆಗಳೂ ಒಂದೇ ಶೇಕಡಾವಾರು ನೆರಳಿನವಾಗಿರಲಿ, ಇಲ್ಲವಾದರೆ ಪ್ಲೆಸಂಟನ್ ಮಾಡಿದ ತಪ್ಪನ್ನೇ ಮಾಡಿದಂತಾಗುತ್ತದೆ. ಬೀಜ ಒಂದೇ ಪೊಟ್ಟಣದ್ದು, ನೀರು ಗೊಬ್ಬರ ಒಂದೇ ಅಳತೆ. 25ನೇ ದಿನ ಪ್ರತಿ ಬಲೆಯ ಕೆಳಗಿಂದ ನೂರು ಸಸಿಗಳನ್ನು ಆರಿಸದೆ ಎತ್ತಿಕೊಂಡು ಎತ್ತರ, ಕಾಂಡದ ದಪ್ಪ, ಎಲೆಗಳ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಅವನ್ನು ಒಂದೇ ಹೊಲದಲ್ಲಿ ಬೇರೆ ಬೇರೆ ಸಾಲುಗಳಲ್ಲಿ ನಾಟಿ ಮಾಡಿ, ಹತ್ತನೇ ದಿನ ಎಷ್ಟು ಸಸಿ ಹಿಡಿದಿವೆ ಎಂದು ಎಣಿಸಿ, ಮೊದಲ ಮೂರು ಬಿಡಿಸುವಿಕೆಯ ತೂಕವನ್ನು ಸಾಲಿನ ಪ್ರಕಾರ ಬೇರೆ ಬೇರೆ ಇಡಿ. ಮುಂದಿನ ಸಲ ನೆಟ್ ಕೊಳ್ಳಲು ಹೊರಟಾಗ ಆ ಲೆಕ್ಕದ ಪುಸ್ತಕ ಕೈಯಲ್ಲಿರಲಿ.